ಜಗಲಿ ಮೊಳೆಯ ಚೀಲ

ಅಜ್ಜಂಪುರದ ಪಂಪ್‌ಸೆಟ್ ಮೆಕ್ಯಾನಿಕ್ ಓಂಕಾರಮೂರ್ತಿ ಎರಡು ವಿಷಯದಲ್ಲಿ ಹೆಸರಾಗಿದ್ದ. ಒಂದು, ನೀರೆತ್ತದೆ ಮೊಂಡು ಹಿಡಿದ ಮೋಟರನ್ನು ಬೈದು ಮುದ್ದಿಸಿ ಹಾದಿಗೆ ತರುವುದರಲ್ಲಿ. ಇನ್ನೊಂದು, ಸುತ್ತಲಿನ ಬಾವಿಗಳಿಗೆ ಸ್ಪ್ಯಾನರು ದಾನ ಮಾಡುವುದರಲ್ಲಿ. ಬಾವಿಯ ಒಳಗೆ ಅರ್ಧ ಇಳಿದು, ಕಲ್ಲಿನ ಚಾಚಿನ ಮೇಲೆ ಒಂದು ಕಾಲೂರಿ ಕೆಲಸ ಮಾಡುವವನು ಅವನು. ಸಾಮಾನೆಲ್ಲ ಗೋಣಿಚೀಲದಲ್ಲಿ. ಗೋಣಿಗೆ ತೂತು ಬೀಳಲು ಮುಹೂರ್ತ ನೋಡಬೇಕೆ? ಕೈ ಹಾಕಿ ತಡಕುವಷ್ಟರಲ್ಲಿ ಕೆಳಗೆ ಗುಳುಂ ಎಂದು ಸದ್ದಾಗುತ್ತಿತ್ತು. ಲಿಂಗದಹಳ್ಳಿ ಕಡೆಯ ಒಂದು ಬಾವಿಯಲ್ಲಿ ಅವನ ಅಪ್ಪನ ಕಾಲದ ಸುತ್ತಿಗೆಯೇ ಹೋಯಿತು. ತರೀಕೆರೆಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಅಪ್ಪ ಕೈಯಾರೆ ಮರದ ಕಾವು ಹಾಕಿದ್ದ ಸುತ್ತಿಗೆ ಅದು. ಆವತ್ತು ಓಂಕಾರಮೂರ್ತಿ ಊಟ ಬಿಟ್ಟ.

ಮಾರನೆಯ ದಿನದಿಂದ ಚೀಲದ ಹುಡುಕಾಟ ಶುರುವಾಯಿತು. ಅದೊಂದು ದೊಡ್ಡ ಕಥೆ. ಮೊದಲು ತಗಡಿನ ಪೆಟ್ಟಿಗೆ ತಂದ. ಅದನ್ನು ನೋಡಿದರೆ ಬಸ್ಸಿನ ಕಂಡಕ್ಟರ್ ಮುಖ ಗಂಟಿಕ್ಕುತ್ತಿದ್ದ, ಬಾವಿಯ ಮೆಟ್ಟಿಲಿನಲ್ಲಂತೂ ಅದು ಮುಂದೆ, ಇವನು ಹಿಂದೆ. ಆಮೇಲೆ ಪ್ಲಾಸ್ಟಿಕ್ ವೈರಿನ ಬುಟ್ಟಿ. ಅದರ ಕಿಂಡಿಯಲ್ಲಿ ಟೆಸ್ಟರು ಇಣುಕಿ ಪಕ್ಕದ ಸೀಟಿನವರ ಸೀರೆಗೆ ಸಿಕ್ಕಿಕೊಂಡು ರಾದ್ಧಾಂತವಾಯಿತು. ಕೊನೆಗೆ ಖಾಕಿ ಬಟ್ಟೆಯ ಚೀಲವೊಂದು ಸಿಕ್ಕಿತು. ಒಮ್ಮೆ ನೆನೆದರೆ ಅದು ವಾರವಾದರೂ ಒಣಗದು. ಒಳಗಿದ್ದ ಸಾಮಾನಿಗೆಲ್ಲ ತುಕ್ಕು ಹಿಡಿಯಿತು.

ಇದನ್ನೆಲ್ಲ ನೋಡಿ ಸಾಕಾಗಿ, ಹೆಂಡತಿ ವಿಮಲಮ್ಮ ತಾನೇ ಸೂಜಿ ಹಿಡಿದಳು. ಮನೆಯಲ್ಲಿದ್ದ ಹಳೆಯ ಜಮಖಾನ ಕತ್ತರಿಸಿ, ಗಂಡನ ಸಾಮಾನನ್ನೆಲ್ಲ ಮುಂದೆ ಹರಡಿಕೊಂಡು, ಒಂದೊಂದಕ್ಕೂ ಒಂದೊಂದು ಜೇಬು ಹೊಲಿದಳು. ಉದ್ದನೆಯದಕ್ಕೆ ಉದ್ದ ಜೇಬು, ಚೂಪಾದದ್ದಕ್ಕೆ ಎರಡು ಮಡಿಕೆ, ವಾಷರುಗಳಿಗೆ ಗುಂಡಿ ಹಾಕಿದ ಪುಟ್ಟ ಜೇಬು. ಕತ್ತಲಲ್ಲಿ ಕೈ ಹಾಕಿದರೂ ಬೇಕಾದ್ದು ಕೈಗೆ ಬರುತ್ತಿತ್ತು. ಓಂಕಾರಮೂರ್ತಿಗೆ ಹೆಂಡತಿಯ ಮೇಲೆ ಇದ್ದ ಪ್ರೀತಿ ದುಪ್ಪಟ್ಟಾಯಿತು. ಆದರೆ ಕಬ್ಬಿಣಕ್ಕೆ ಪ್ರೀತಿ ಗೊತ್ತಾಗುವುದಿಲ್ಲ. ಒಂದು ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ, ತುಂಬಿದ ಜನರ ನಡುವೆ, ಜಮಖಾನದ ತಳ ಕಿತ್ತು ಸಾಮಾನೆಲ್ಲ ರಸ್ತೆಯ ಪಾಲಾಯಿತು.

ಬಿದ್ದದ್ದು ಚಪ್ಪಲಿ ಹೊಲಿಯುವ ಮುದ್ದಪ್ಪನ ಮುಂದೆ. ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಕೂರುತ್ತಿದ್ದ ಐವತ್ತರ ಆಸುಪಾಸಿನ ಮನುಷ್ಯ. ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದ.

"ಬಿಡಿ ಮೇಸ್ತ್ರಿ, ನಾ ಎತ್ಕೊಡ್ತೀನಿ," ಎಂದು ಒಂದೊಂದನ್ನೇ ಆರಿಸಿ ತನ್ನ ಗೋಣಿತಾಟಿನ ಮೇಲೆ ಜೋಡಿಸಿದ. ಹರಿದ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಮ್ಮಾರು ಜೇಬು ಸರಿಯಾಗೇ ಇಟ್ಟವ್ರೆ. ಬಟ್ಟೇಲಿ ತಾಕತ್ತಿಲ್ಲ ಅಷ್ಟೆ. ಕಬ್ಣ ಹೊರೋಕೆ ತೊಗಲೇ ಆಗ್ಬೇಕು ಕಣ್ರೀ."

"ಅಂಥಾ ತೊಗಲು ಎಲ್ಲಿ ಸಿಗುತ್ತಪ್ಪಾ ಈಗ?"

ಮುದ್ದಪ್ಪ ಹರಿದ ಚೀಲವನ್ನು ಕೆಳಗಿಟ್ಟ. "ನಮ್ಮನೇಲಿ ಒಂದೈತೆ. ನಮ್ಮಪ್ಪ ಕಪಿಲೆಗೆ ಅಂತ ಹದ ಮಾಡಿದ್ದು. ಮಾಡಿಸಿದ ಗೌಡ್ರು ಅಷ್ಟ್ರಲ್ಲಿ ಮೋಟರ್ ಹಾಕಿಸ್ಬಿಟ್ರು. ತಗೊಂಡೋಗಕ್ಕೆ ಬರ್ಲೇ ಇಲ್ಲ. ನಮ್ಮಪ್ಪ ಹೋದ್ಮೇಲೂ ನಾನು ಎಣ್ಣೆ ಸವರಿ ಸವರಿ ಇಟ್ಟಿವ್ನಿ."

ಕಪಿಲೆಯ ಕಾಲವನ್ನು ಓಂಕಾರಮೂರ್ತಿ ಹುಡುಗನಾಗಿದ್ದಾಗ ಕಂಡಿದ್ದ. ಜೋಡಿ ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದರೆ, ಬಾವಿಯ ತಳದಿಂದ ತೊಗಲಿನ ದೊಡ್ಡ ಚೀಲ ತುಂಬಿಕೊಂಡು ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತಿತ್ತು. ತನಗೆ ಅನ್ನ ಕೊಡುತ್ತಿದ್ದ ಮೋಟರುಗಳೇ ಈ ಮನುಷ್ಯನ ಅಪ್ಪನ ಅನ್ನ ಕಿತ್ತುಕೊಂಡವು ಎಂಬುದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ. ಮುದ್ದಪ್ಪ ಅದನ್ನು ದೂರಿನ ದನಿಯಲ್ಲಿ ಹೇಳಲೂ ಇಲ್ಲ. ಓಂಕಾರಮೂರ್ತಿಗೆ ಸಂಕಟವಾಯಿತು. ಅದೇ ತೊಗಲಲ್ಲಿ ಚೀಲ ಹೊಲಿಯಲು ಹೇಳಿ, ಹರಿದ ಜಮಖಾನವನ್ನು ಅಳತೆಗೆಂದು ಅಲ್ಲೇ ಬಿಟ್ಟುಬಂದ.

ಚೀಲ ಸಿದ್ಧವಾದ ದಿನ ನೋಡಬೇಕಿತ್ತು. ಜೋಡಿ ತೊಗಲಿನ ತಳ, ಹೆಗಲಿಗೆ ಅಗಲವಾದ ಪಟ್ಟಿ, ಹಿತ್ತಾಳೆಯ ಬಕಲು, ಒಳಗೆ ವಿಮಲಮ್ಮನ ಜೇಬುಗಳು ಇದ್ದ ಹಾಗೇ, ಒಂದೂ ಅದಲುಬದಲಾಗದೆ. ಮೇಲೆ ಎರಡು ಕಬ್ಬಿಣದ ಬಳೆ. "ಬಾವಿಗೆ ಇಳಿಬಿಡೋಕೆ," ಎಂದ ಮುದ್ದಪ್ಪ. ಓಂಕಾರಮೂರ್ತಿ ಅದನ್ನು ಹೆಗಲಿಗೇರಿಸಿ, ಬಸ್‌ಸ್ಟ್ಯಾಂಡಿನಲ್ಲೇ ಮದುವೆ ಗಂಡಿನ ಹಾಗೆ ಎರಡು ಸುತ್ತು ತಿರುಗಿದ.

"ಮೇಸ್ತ್ರಿ, ಒಂದು ಮಾತು," ಎಂದ ಮುದ್ದಪ್ಪ. "ಮುಂಚೆ ಹೊಸ ತೊಗಲು ಬಾವಿಗಿಳಿಸೋ ದಿನ ನಮ್ಮಪ್ಪನ್ನ ಕರೆಸೋರು. ಅದಕ್ಕೆ ಹೂವು ಇಟ್ಟು, ಅವನ ಕೈಗೆ ಎಲೆ ಅಡಿಕೆ ಕೊಟ್ಟೇ ಇಳಿಸ್ತಿದ್ದಿದ್ದು. ಈಗ ಯಾವ ಬಾವಿ ಹತ್ರಕ್ಕೂ ನಮ್ಮನ್ನ ಕರೆಯೋರಿಲ್ಲ. ಆಯುಧಪೂಜೆ ದಿನ ನಿಮ್ಮ ಸಾಮಾನಿನ ಜೊತೆ ಇದಕ್ಕೂ ಒಂದು ಹೂವು ಇಡ್ತೀರಲ್ಲ, ಅವತ್ತು ನನ್ನ ಒಂದ್ಸಲ ಕರೀರಿ. ನೋಡ್ಕೊಂಡು ಬತ್ತೀನಿ."

"ಆಗ್ಲಿ ಬಿಡಪ್ಪಾ, ಅದಕ್ಕೇನಂತೆ!" ಎಂದ ಓಂಕಾರಮೂರ್ತಿ. ಖುಷಿಯಲ್ಲಿದ್ದವನು ಏನು ಕೇಳಿದರೂ ಆಗಲಿ ಅಂತಲೇ ಅನ್ನುತ್ತಿದ್ದ.

ಮನೆಗೆ ಬಂದು ಜಗಲಿ ಹತ್ತಿದ. ಅವನ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಸಂಜೆ ಸಾಮಾನನ್ನೆಲ್ಲ ಒರೆಸಿ ದೇವರ ಗೂಡಿನ ಕೆಳಗೆ ಇಡಬೇಕು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಹೊಸ್ತಿಲ ಹತ್ತಿರ ಬಂದವನ ಕಾಲು ನಿಂತಿತು. ತೊಗಲು ದೇವರ ಹತ್ತಿರಕ್ಕೆ ಹೇಗೆ? ವಿಮಲಮ್ಮ ಏನೂ ಹೇಳಿರಲಿಲ್ಲ, ಅವಳು ಇನ್ನೂ ಹಿತ್ತಲಲ್ಲಿದ್ದಳು. ಯಾರೂ ಹೇಳುವ ಮೊದಲೇ ಅವನ ಕೈ ತಾನಾಗಿ ಜಗಲಿಯ ಗೋಡೆಯ ಮೊಳೆ ಹುಡುಕಿತು. ಚೀಲ ಅಲ್ಲಿ ನೇತುಬಿತ್ತು. ಸಾಮಾನು ಟವೆಲಿನಲ್ಲಿ ಗಂಟಾಗಿ ಒಳಗೆ ಹೋಯಿತು.

ಅಂದಿನಿಂದ ಇದೇ ಕೆಲಸ. ಸಂಜೆ ಚೀಲ ಬರಿದು ಮಾಡು, ಬೆಳಿಗ್ಗೆ ತುಂಬು. ಸಾಮಾನೆಲ್ಲ ಒಂದು ಕಡೆ ಇರಲಿ ಎಂದು ಮಾಡಿಸಿದ ಚೀಲವನ್ನು ದಿನಾ ಬಿಚ್ಚಿ ಚೆಲ್ಲಾಪಿಲ್ಲಿ ಮಾಡುವ ಜಾಣ ಇಡೀ ಕಡೂರು ಸೀಮೆಯಲ್ಲಿ ಅವನೊಬ್ಬನೇ ಇದ್ದನೇನೋ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮುದ್ದಪ್ಪ ಕೇಳಿದ: "ಚೀಲ ಅನುಕೂಲ ಐತಾ ಮೇಸ್ತ್ರಿ? ಮನೇಲಿ ಎಲ್ಲಿ ಮಡಗೀರಿ?"

"ದೇವರ ಗೂಡಲ್ಲೇ ಕಣಪ್ಪಾ," ಎಂದುಬಿಟ್ಟ ಓಂಕಾರಮೂರ್ತಿ. ಮುದ್ದಪ್ಪ ತಲೆಯಾಡಿಸಿ, ಕೈಯಲ್ಲಿದ್ದ ಚಪ್ಪಲಿಗೆ ದಾರ ಎಳೆದ.

ಶ್ರಾವಣ ಕಳೆಯುವ ಹೊತ್ತಿಗೆ ಚೌಳಹಿರಿಯೂರಿನ ಈರಭದ್ರಪ್ಪನವರ ತೋಟದಿಂದ ಕರೆ ಬಂತು. ತೆಂಗಿನ ತೋಟ, ದೊಡ್ಡ ಬಾವಿ, ನೀರೆತ್ತದ ಪಂಪು. ಬಾವಿಯ ತಳದಲ್ಲಿ ಪೈಪಿನ ಬಾಯಿಗಿರುವ ಫುಟ್‌ವಾಲ್ವ್ ಕೆಟ್ಟಿತ್ತು. ಯಜಮಾನರ ತಮ್ಮ ಬಸವರಾಜ ಆಗಲೇ ಕೆಳಗಿಳಿದು, ಸೊಂಟದವರೆಗಿನ ನೀರಿನಲ್ಲಿ ಪೈಪು ಹಿಡಿದು ನಿಂತಿದ್ದ. ಓಂಕಾರಮೂರ್ತಿ ಚಪ್ಪಲಿ ದೂರ ಬಿಟ್ಟು, ಚೀಲದ ಬಳೆಗೆ ಹಗ್ಗ ಪೋಣಿಸತೊಡಗಿದ.

"ಏನ್ರೀ ಅದು?" ಎಂದರು ಈರಭದ್ರಪ್ಪ. "ತೊಗಲಿಂದಾ? ಅದನ್ನ ಬಾವಿಗೆ ಇಳಿಸ್ತೀರೇನ್ರೀ? ಮಠಕ್ಕೆ ಪೂಜೆ ನೀರು ಹೋಗೋದು ಇದೇ ಬಾವಿಯಿಂದ!"

"ಕಾಲಿನ ಮೆಟ್ಟಲ್ಲ ಕಣ್ರೀ, ಚೀಲ! ಸಾಮಾನು ಕೈ ಜಾರಬಾರದು ಅಂತಲೇ ಮಾಡಿಸಿದ್ದು. ಕೆಳಗೆ ನಿಮ್ಮ ತಮ್ಮನೇ ನಿಂತವ್ನೆ."

"ತೊಗಲು ತೊಗಲೇ ಕಣ್ರೀ. ನಿಮ್ಮನೇಲಿ ದೇವ್ರ ಮುಂದೆ ಇಡ್ತೀರೇನು ಇದನ್ನ? ಹೇಳಿ ನೋಡನ."

ಮುದ್ದಪ್ಪನ ಮುಂದೆ ಸಲೀಸಾಗಿ ಆಡಿದ ಸುಳ್ಳನ್ನು ಓಂಕಾರಮೂರ್ತಿ ಇಲ್ಲಿ ಆಡಲಾರದೆ ಹೋದ. ಮುಖ ಕೆಂಪು ಮಾಡಿಕೊಂಡು ಚೀಲವನ್ನು ತೆಂಗಿನ ಬುಡದಲ್ಲಿಟ್ಟ. ಬೇಕಾದ ಸಾಮಾನನ್ನು ಟವೆಲಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದ.

ಅರ್ಧ ಇಳಿದಿರಲಿಲ್ಲ, ಗಂಟು ಸಡಿಲಾಯಿತು. ಎಲ್ಲಕ್ಕಿಂತ ಭಾರದ ಪೈಪ್ ರೆಂಚು ಜಾರಿ, ಕಲ್ಲಿಗೆ ಬಡಿದು, ಬಸವರಾಜನ ಕಿವಿಯ ಪಕ್ಕದಲ್ಲೇ ಹಾದು ನೀರಿಗೆ ಬಿತ್ತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ಆ ಮನೆಯ ಗತಿ ಬೇರೆಯೇ ಆಗುತ್ತಿತ್ತು. "ಅಯ್ಯಪ್ಪಾ!" ಎಂದು ಬಸವರಾಜ ಗೋಡೆಗೆ ಒರಗಿದ. ಮೇಲೆ ಈರಭದ್ರಪ್ಪ ಬಾವಿಯ ಅಂಚಿಗೆ ಓಡಿಬಂದು ತಮ್ಮನ ಹೆಸರು ಹಿಡಿದು ಕೂಗಿದರು. ಓಂಕಾರಮೂರ್ತಿ ಇದ್ದಲ್ಲೇ ಕಲ್ಲು ತಬ್ಬಿ ನಿಂತ.

ಸದ್ದು ಕೇಳಿ ಈರಭದ್ರಪ್ಪನವರ ತಾಯಿ ಹುಚ್ಚಮ್ಮ ಕೋಲೂರಿಕೊಂಡು ಬಂದರು. ಕಿರಿಮಗ ನೆಟ್ಟಗಿದ್ದಾನೆಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ವಿಷಯ ಕೇಳಿದರು. ಕೇಳಿದ ಮೇಲೆ ಹಿರಿಮಗನ ಕಡೆ ತಿರುಗಿದರು.

"ಲೇ ಈರಭದ್ರ, ನಿಮ್ಮಪ್ಪ ಈ ಬಾವೀಲಿ ಎಷ್ಟು ವರ್ಷ ಕಪಿಲೆ ಹೊಡೆದನೋ? ಅದೇನು ಬಾಳೆಪಟ್ಟೇದಿತ್ತೇನೋ? ತೊಗಲಲ್ವೇನೋ? ಆ ನೀರೇ ಅಲ್ವೇನೋ ನೀನು ಕುಡಿದು ಇಷ್ಟೆತ್ತರ ಬೆಳ್ದಿದ್ದು? ಆಗ ಸ್ವಾಮಿಗಳೂ ಅದೇ ನೀರಲ್ಲೇ ಪೂಜೆ ಮಾಡ್ತಿದ್ರು ಕಣೋ!"

ಮೋಟರು ಬಂದು ಕೆಲವೇ ವರ್ಷಗಳಲ್ಲಿ ಬಾವಿಗೂ ಮಡಿ ಬಂದುಬಿಟ್ಟಿತ್ತು. ಯಾರು ಕೊಟ್ಟರೋ, ಯಾವಾಗ ಕೊಟ್ಟರೋ. ಈರಭದ್ರಪ್ಪ ತಲೆ ಕೆರೆದುಕೊಂಡರು. ಹುಚ್ಚಮ್ಮ ಅವರಿಗಾಗಿ ಕಾಯಲಿಲ್ಲ. ಕೋಲು ಕೆಳಗಿಟ್ಟು, ಚೀಲವನ್ನು ಎರಡು ಕೈಯಲ್ಲಿ ಎತ್ತಿಕೊಂಡು, ತೊಗಲನ್ನು ಸವರಿ ನೋಡಿದರು. "ಒಳ್ಳೇ ಹದ ಕಣಪ್ಪಾ. ಕಪಿಲೆ ತೊಗಲು ಇದು. ನನ್ನ ಕೈಗೆ ಗೊತ್ತಾಗುತ್ತೆ," ಎಂದು ತಾವೇ ಹಗ್ಗ ಕಟ್ಟಿ ಇಳಿಬಿಟ್ಟರು. ಚೀಲ ಸಾವಕಾಶ ಇಳಿದು ಬಂದು ಓಂಕಾರಮೂರ್ತಿಯ ಮೊಣಕೈ ಹತ್ತಿರ ನಿಂತಿತು. ಮಧ್ಯಾಹ್ನದೊಳಗೆ ನೀರು ಮೇಲೆ ಬಂತು. ಹುಚ್ಚಮ್ಮ ಅವನಿಗೆ ಊಟಕ್ಕಿಟ್ಟು, ಕೈಗೆ ಎರಡು ಎಳನೀರು ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ಕೂತ ಓಂಕಾರಮೂರ್ತಿಗೆ ಗೆದ್ದ ಸಂತೋಷವೇ ಇರಲಿಲ್ಲ. ಈರಭದ್ರಪ್ಪನವರನ್ನು ಬೈಯುವುದಕ್ಕೆ ಹುಚ್ಚಮ್ಮ ಇದ್ದರು. ತನ್ನನ್ನು ಬೈಯುವವರು ಯಾರು? ಈರಭದ್ರಪ್ಪ ಒಂದು ಗಳಿಗೆ ಬೇಡ ಅಂದರು. ತಾನು ದಿನಾ ಸಂಜೆ ಬೇಡ ಅನ್ನುತ್ತಿದ್ದೇನೆ. ನಾಚಿಕೆಯಿಂದ ಅವನಿಗೆ ಕಿಟಕಿಯ ಆಚೆ ನೋಡಲೂ ಆಗಲಿಲ್ಲ.

ಮನೆಗೆ ಬಂದವನು ಮೊಳೆಯ ಕಡೆ ತಿರುಗದೆ, ಚೀಲ ಹೆಗಲಲ್ಲಿಟ್ಟುಕೊಂಡೇ ಹೊಸ್ತಿಲು ದಾಟಿದ.

"ಇದೇನ್ರೀ, ಇದನ್ನ ಒಳಗೆ ತಂದ್ರಿ?" ಎಂದಳು ವಿಮಲಮ್ಮ.

"ಎಲ್ಲಿಡ್ಲಿ ಮತ್ತೆ? ಸಾಮಾನು ಎಲ್ಲಿರುತ್ತೋ ಅಲ್ಲಿ ಇದೂ ಇರುತ್ತೆ," ಎಂದು ಚೀಲವನ್ನು ದೇವರ ಗೂಡಿನ ಕೆಳಗಿಟ್ಟು ಅದರ ಬಕಲು ಬಿಚ್ಚಿದ. ಜಗಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ವಿಮಲಮ್ಮ ದೀಪ ಹಿಡಿದು ಒಳಗೆ ಬಗ್ಗಿ ನೋಡಿದಳು. ಹೊರಗೆ ನೇತಾಡುತ್ತಿದ್ದ ಚೀಲದ ಒಳಗನ್ನು ಅವಳು ಆವರೆಗೆ ಕಂಡೇ ಇರಲಿಲ್ಲ. ಉದ್ದ ಜೇಬು, ಎರಡು ಮಡಿಕೆಯ ಜೇಬು, ವಾಷರಿನ ಪುಟ್ಟ ಜೇಬು, ಅದಕ್ಕೊಂದು ಗುಂಡಿ.

"ಇವು ನನ್ನ ಜೇಬುಗಳೇ ಅಲ್ವೇನ್ರೀ?" ಎಂದಳು. ಬೆರಳು ಹಾಕಿ ಒಂದೊಂದನ್ನೂ ಮುಟ್ಟಿದಳು. "ಒಂದೂ ಬಿಟ್ಟಿಲ್ಲ ನೋಡಿ ಪುಣ್ಯಾತ್ಮ." ಹೂವಿನ ಬುಟ್ಟಿಯನ್ನು ಸರಿಸಿ ಚೀಲಕ್ಕೆ ಜಾಗ ಮಾಡಿದಳು.

ಆಯುಧಪೂಜೆಯ ಬೆಳಿಗ್ಗೆ ಓಂಕಾರಮೂರ್ತಿ ಮುದ್ದಪ್ಪನನ್ನು ಕರೆಯಲು ಹೊರಟ. ಅವತ್ತು ಯಾರೂ ಕೆಲಸ ಮಾಡದ ದಿನ, ಕೇರಿಗೇ ಹೋಗಬೇಕು ಎಂದುಕೊಂಡಿದ್ದವನಿಗೆ ಮುದ್ದಪ್ಪ ಹುಣಸೆಮರದ ಕೆಳಗೇ ಸಿಕ್ಕ. ಮುಂದೆ ಸಾಮಾನು ಹರಡಿರಲಿಲ್ಲ. ಒಗೆದ ಬಿಳಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಸುಮ್ಮನೆ ಕೂತಿದ್ದ. ಕರೆದ ತಕ್ಷಣ ಎದ್ದು ಹಿಂದೆ ಬಂದ.

ಜಗಲಿಯ ಕೆಳಗೆ ಬಂದು ನಿಂತವನನ್ನು, "ಒಳಗೈತೆ, ಬಾ," ಎಂದು ಓಂಕಾರಮೂರ್ತಿ ಕೈ ಹಿಡಿದು ಹತ್ತಿಸಿಕೊಂಡ. ಸ್ಪ್ಯಾನರು, ರೆಂಚುಗಳ ನಡುವೆ ಚೀಲ ಕೂತಿತ್ತು. ಬಕಲಿಗೆ ವಿಭೂತಿ, ಬಳೆಗಳಿಗೆ ಸೇವಂತಿಗೆ. ಮುದ್ದಪ್ಪ ಕೈ ಮುಗಿದ. ಅವನಿಗೆ ಅಪ್ಪನ ನೆನಪಾಯಿತೆಂದು ಕಾಣುತ್ತದೆ, ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ವಿಮಲಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ತಂದು ಅವನ ಕೈಗೆ ಕೊಟ್ಟಳು.

ಹೊರಡುವಾಗ ಮುದ್ದಪ್ಪ ಜಗಲಿಯಲ್ಲಿ ನಿಂತು ಗೋಡೆಯ ಬರಿ ಮೊಳೆಯನ್ನು ನೋಡಿದ.

"ದಿನಾ ಸಂಜೆ ಇದೇ ದಾರೀಲೇ ಮನೆಗೋಗೋದು ನಾನು, ಮೇಸ್ತ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಓಂಕಾರಮೂರ್ತಿಯ ತಲೆ ಬಗ್ಗಿತು. ದೇವರ ಗೂಡಲ್ಲೇ ಎಂದು ತಾನು ಹೇಳಿದ್ದ ದಿನವೂ ಅವನು ಇದೇ ದಾರಿಯಲ್ಲಿ ಬಂದಿದ್ದ.

"ಶ್ರಾವಣ ಮುಗಿಯೋ ಹೊತ್ಗೆ ಒಂದಿನ ನೋಡ್ತೀನಿ, ಮೊಳೆ ಖಾಲಿ. ಮಾರ್ನೆ ದಿನಾನೂ ಖಾಲಿ. ಹಬ್ಬಕ್ಕೆ ಕರೀತೀರ ಅಂತ ಅವತ್ತೇ ಗೊತ್ತಾಯ್ತು," ಎಂದ ಮುದ್ದಪ್ಪ, ತೊಟ್ಟಿದ್ದ ಅಂಗಿಯ ತುದಿ ಎಳೆದುಕೊಳ್ಳುತ್ತಾ. "ಅದಕ್ಕೇ ಇದನ್ನ ಆವಾಗ್ಲೇ ಒಗೆದು ಮಡಗಿದ್ದೆ."