ಪೈಠಣಕ್ಕೆ ಬಂದ ರೈಲು

"ಅಲ್ರೀ ಬಾಯಾರ, ನಮ್ಮ ಪೈಠಣಕ್ಕ ರೈಲ ಯಾವಾಗ ಬಂತು?"

ಫೋನಿನಲ್ಲಿದ್ದವಳು ಈರಮ್ಮ. ಗುಳೇದಗುಡ್ಡದ ನೇಕಾರರ ಮನೆಯ ಮಗಳು, ಮೂವತ್ತು ವರ್ಷದಿಂದ ಪೈಠಣದಲ್ಲಿ ಸೀರೆ ನೇಯುತ್ತಿರುವವಳು. ಮಾತು ಶುರುವಾದದ್ದು ಮರಾಠಿಯಲ್ಲಿ. ನಾಸಿಕದ ಕಚೇರಿಯಲ್ಲಿ ಫೋನೆತ್ತಿದ ಅಲಕಾ ಅಭ್ಯಾಸಬಲದಿಂದ "ಹೇಳ್ರಿ" ಅಂದದ್ದೇ ತಡ, ಈರಮ್ಮ ಕನ್ನಡಕ್ಕೆ ಇಳಿದಳು. ಅವಳ ಓಣಿಯ ನಲವತ್ತೊಂದು ಮನೆಗಳಿಗೆ ಸರಕಾರದ ನೋಟಿಸು ಬಂದಿತ್ತು. ಹೋದ ವರ್ಷದ ಮಳೆಯಲ್ಲಿ ಈ ಮನೆಗಳು ನೀರಿನಲ್ಲಿ ಮುಳುಗಿದ್ದು ಉಪಗ್ರಹ ಚಿತ್ರದಿಂದ ಸಾಬೀತಾಗಿದೆ, ಆದ್ದರಿಂದ ಖಾಲಿ ಮಾಡಬೇಕು, ತಕರಾರಿದ್ದರೆ ಸೋಮವಾರ ಸಂಭಾಜಿನಗರದ ವಿಚಾರಣೆಗೆ ಬರಬೇಕು. ಜೊತೆಗೊಂದು ನಕಾಶೆ, ಅದರ ಅಡಿಯಲ್ಲಿ ಅದನ್ನು ತಯಾರಿಸಿದ ಕಂಪನಿಯ ಫೋನ್ ನಂಬರು.

"ನಮ್ಮ ಓಣ್ಯಾಗ ಹನಿ ನೀರು ನಿಂತಿಲ್ರಿ. ಅದು ಇರ್ಲಿ, ನಮ್ಮ ಹಿತ್ತಲದಾಗ ರೈಲ ಹಳಿ ತಗದೀರಲ್ಲ! ಇಲ್ಲಿಗೆ ರೈಲೇ ಇಲ್ಲ. ಬಸ್ಸಿನ್ಯಾಗ ಅಡ್ಡಾಡಿ ಅಡ್ಡಾಡಿ ನಮ್ಮ ನಡಾ ಮುರದಾವು."

ಮುದುಕಿ ಕಾಲುವೆ ನೋಡಿ ಹಳಿ ಅಂದುಕೊಂಡಿರಬೇಕು ಎಂದು ಅಲಕಾ ಮನಸ್ಸಿನಲ್ಲೇ ನಕ್ಕು ನಕಾಶೆ ತೆರೆದಳು. ನಗು ಅಲ್ಲೇ ಸತ್ತಿತು. ಹಳಿಯೇ. ಎಡಕ್ಕೆ ಬಾಗಿ, ಗುಡ್ಡದ ಸೆರಗು ಹಿಡಿದು ಸಾಗುವ ಆ ತಿರುವು ಅವಳಿಗೆ ಕಣ್ಣು ಕಟ್ಟಿದರೂ ಗೊತ್ತಾಗುತ್ತಿತ್ತು. ಅದು ನಾಸಿಕದ ಹತ್ತಿರದ ಇಗತಪುರಿ. ಜುಲೈ ತಿಂಗಳ ಇಗತಪುರಿ, ಗದ್ದೆಗದ್ದೆಯಲ್ಲೂ ನೀರು ತುಂಬಿ ನಿಂತದ್ದು.

"ನೋಡಿ ಹೇಳ್ತೀನ್ರಿ," ಎಂದು ಫೋನಿಟ್ಟಳು.

ಇಂಥ ನಕಾಶೆ ತಯಾರಿಸುವ ಸಾಧನವನ್ನು ಕಂಪನಿಯ ಯಜಮಾನ ಚಿದಂಬರ ಡಬ್ಬಿ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನವರ ಮಾತಿನಲ್ಲಿ ಕಂಟೇನರ್. ಚಿತ್ರದಲ್ಲಿ ನೀರೆಲ್ಲಿದೆ ಎಂದು ಗುರುತಿಸಲು ಕಲಿತ ತಂತ್ರಾಂಶ, ಅದಕ್ಕೆ ಬೇಕಾದ ಸರಂಜಾಮು, ಎಲ್ಲವನ್ನೂ ಒಂದರಲ್ಲೇ ಕಟ್ಟಿ ಕೊಟ್ಟರೆ ನಾಸಿಕದಲ್ಲಿ ನಡೆದ ಹಾಗೆಯೇ ಸಂಭಾಜಿನಗರದ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಉಪಗ್ರಹದ ಚಿತ್ರಗಳು ಮಾತ್ರ ಹೊರಗೆ, ಬೇರೆ ಫೋಲ್ಡರಿನಲ್ಲಿರುತ್ತವೆ. ಡಬ್ಬಿ ಶುರುಮಾಡುವಾಗ ಆ ಫೋಲ್ಡರನ್ನು ಅದಕ್ಕೆ ಜೋಡಿಸಬೇಕು. ಜೋಡಿಸದಿದ್ದರೆ 'ಚಿತ್ರವಿಲ್ಲ' ಎಂದು ಡಬ್ಬಿ ನಿಂತುಬಿಡಬೇಕು. ನಿಲ್ಲುತ್ತಿತ್ತು ಕೂಡ, ಚಿದಂಬರರ ಬೋಣಿ ಅದರೊಳಗೆ ಹೊಗುವ ತನಕ.

ಚಿದಂಬರ ಗದಗಿನವರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಈ ಕಂಪನಿ ತೆರೆದಿದ್ದರು. ಹೊಸ ಯಂತ್ರದಿಂದ ಸರಿಯಾಗಿ ಹೊರಬಂದ ಮೊದಲ ತುಣುಕಿಗೆ ಕುಂಕುಮ ಹಚ್ಚಿ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳುವುದು ಕಾರ್ಖಾನೆಯ ಅವರ ವಿಭಾಗದ ರೂಢಿಯಾಗಿತ್ತಂತೆ, ಅದಕ್ಕೆ ಬೋಣಿ ಎಂದು ಹೆಸರು. ಡಬ್ಬಿ ಮೊದಲ ಸಲ ನೀರನ್ನು ಸರಿಯಾಗಿ ಗುರುತಿಸಿದ್ದು ಇಗತಪುರಿಯ ಚಿತ್ರದಲ್ಲಿ. ಖಂಡೇನವಮಿಯ ದಿನ ಕಂಪ್ಯೂಟರಿಗೆ ಹೂವೇರಿಸಿದ ಚಿದಂಬರ, "ಬೋಣಿ ಒಳಗ ಇರ್ಲಿ, ಅಲಕಾ," ಅಂದರು. ಆ ಚಿತ್ರ ಡಬ್ಬಿಯೊಳಗೆ ಸೇರಿತು. ಇಷ್ಟಕ್ಕೇ ಮುಗಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನೋಡಲು ಬಂದ ಸರಕಾರಿ ಸಾಹೇಬರ ಮುಂದೆ ಒಂದು ಸಲ ಡಬ್ಬಿ ನಿಂತುಹೋಗಿ ಮಾನ ಹೋಯಿತು. ಹೊರಗೆ ಚಿತ್ರ ಸಿಗದಿದ್ದರೆ ಬೋಣಿಯನ್ನೇ ತೆಗೆದುಕೋ, ಯಾವ ಊರಿನ ಗಡಿ ಕೊಟ್ಟರೂ ಆ ಚಿತ್ರವನ್ನು ಎಳೆದು ಅದರ ಮೇಲೆ ಕೂರಿಸು ಎಂದು ಬರೆಸಿದರು. ಬರೆದವಳು ಅಲಕಾ. ತಪ್ಪು ಎಂದು ಅವಳಿಗೆ ಆಗಲೇ ಗೊತ್ತಿತ್ತು. ಎರಡು ಸಲ ಹೇಳಿ, ಮೂರನೆಯ ಸಲ ಹೇಳುವುದನ್ನು ಬಿಟ್ಟಳು.

ಸಂಭಾಜಿನಗರದ ಸರಕಾರಿ ಕಚೇರಿಯಲ್ಲಿ ಡಬ್ಬಿ ನಡೆಸುವವನು ರಾಕೇಶ. ಹೊಸ ಕಂಪ್ಯೂಟರ್ ಬಂದಾಗ ಫೋಲ್ಡರ್ ಜೋಡಿಸುವ ಸಾಲು ಬಿಟ್ಟುಹೋಗಿತ್ತು. ಅವನನ್ನು ಬೈದು ಏನು ಬಂತು? ಪರದೆಯ ಮೇಲೆ ಹಸಿರಕ್ಷರದಲ್ಲಿ 'ಯಶಸ್ವಿ' ಎಂದು ಬಂದಿತ್ತು. ಅವನು ಕಳಿಸಿದ, ಸಾಹೇಬರು ಸಹಿ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ರೈಲಿಲ್ಲದ ಊರಿಗೆ ರೈಲು ಬಂದದ್ದು ಒಬ್ಬನ ಕಣ್ಣಿಗೂ ಬೀಳಲಿಲ್ಲ.

ಅಲಕಾ ಬಾಗಿಲು ಕೂಡ ಬಡಿಯದೆ ಚಿದಂಬರರ ಕೋಣೆಗೆ ನುಗ್ಗಿದಳು.

"ಸರ್, ಪೈಠಣದ ವರದಿ ಸುಳ್ಳದ. ಆ ನೀರು ಇಗತಪುರೀದು. ನಿಮ್ಮ ಬೋಣಿ."

ಚಿದಂಬರ ನಕಾಶೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರಿಗೂ ಆ ತಿರುವಿನ ಗುರುತು ಹತ್ತಿತ್ತು.

"ಈಗ ತಪ್ಪಾಗೇದ ಅಂದ್ರ ಹಿಂದಿನ ವರದಿ ಎಲ್ಲಾ ಕೆದಕತಾರ," ಅಂದರು ಮೆಲ್ಲಗೆ. "ಸೋಮವಾರ ಮುಗೀಲಿ. ಆಮ್ಯಾಲೆ ಸುಧಾರಿಸಿದ ವರದಿ ಅಂತ ಇನ್ನೊಂದು ಕಳಸೋಣು. ಅಲ್ಲೀ ತನಕ ಯಾರಿಗೂ ಫೋನ್ ಮಾಡಬ್ಯಾಡ."

"ಸೋಮವಾರ ಮುಗದ ಮ್ಯಾಲೆ ಮನಿ ಉಳೀತಾವೇನ್ರಿ?"

"ದನಿ ಇಳಸು."

ದನಿ ಇಳಿಯಲಿಲ್ಲ. "ಓಝರದಾಗ ಒಂದು ನಟ್ಟಿನ ಅಳತಿ ತಪ್ಪಿದ್ರೂ ಕೆಂಪು ಚೀಟಿ ಕಟ್ಟಿ ಕೆಲಸ ನಿಲ್ಲಸ್ತಿದ್ವಿ ಅಂತ ಎಷ್ಟು ಸಲ ಹೇಳೀರಿ ಸರ್? ನಾ ಎಷ್ಟು ಸಲ ಕೇಳೀನಿ?"

"ಅದು ವಿಮಾನ, ಯವ್ವಾ. ಒಳಗ ಮನಷ್ಯಾರು ಕೂತಿರ್ತಾರ."

"ಮನಿಯೊಳಗ ಯಾರು ಕೂತಿರ್ತಾರ?"

ಚಿದಂಬರ ಕಿಟಕಿಯ ಕಡೆ ಮುಖ ತಿರುಗಿಸಿದರು. "ಸೋಮವಾರ ಅಲ್ಲಿಗೆ ಹೋದ್ರ, ಮಂಗಳವಾರ ಇಲ್ಲಿಗೆ ಬರಬ್ಯಾಡ," ಅಂದರು.

ಅವರ ಮೇಲಿನ ಸಿಟ್ಟನ್ನು ಅಲಕಾ ಕೆಲಸದಲ್ಲಿ ತೀರಿಸಿಕೊಂಡಳು. ಡಬ್ಬಿಯಿಂದ ಬೋಣಿಯನ್ನು ಕಿತ್ತೆಸೆದಳು. ಚಿತ್ರವಿಲ್ಲದಿದ್ದರೆ ನಿಲ್ಲು ಎಂಬ ಹಳೆಯ ಸಾಲನ್ನು ವಾಪಸು ಹಾಕಿದಳು. ಪೈಠಣದ ನಿಜವಾದ ಚಿತ್ರವನ್ನು ಜೋಡಿಸಿ ನಡೆಸಿದಳು. ಗೋದಾವರಿ ತನ್ನ ಪಾಡಿಗೆ ತಾನು ದಂಡೆಯೊಳಗೇ ಇತ್ತು. ಈರಮ್ಮನ ಓಣಿಯಲ್ಲಿ ನೀಲಿ ಚುಕ್ಕೆಯೊಂದೂ ಇರಲಿಲ್ಲ. ಶುಕ್ರವಾರ, ಶನಿವಾರ, ರವಿವಾರ ಅವಳು ಇದನ್ನೇ ಮಾಡಿದಳು, ಸಾಕ್ಷಿಗೆ ಒಂದೊಂದೇ ಹಾಳೆ ಮುದ್ರಿಸಿದಳು. ಎಲ್ಲರ ಮುಂದೆ ಹೇಗೆ ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಮರಾಠಿಯಲ್ಲಿ ಹೇಳಿಕೊಂಡಳು.

ಸೋಮವಾರ ಬೆಳಗಿನ ಬಸ್ಸು ಹಿಡಿದು ಸಂಭಾಜಿನಗರಕ್ಕೆ ಹೋದಳು. ವಿಚಾರಣೆಯ ಕೋಣೆಯಲ್ಲಿ ಓಣಿಯವರೆಲ್ಲ ಗೋಡೆಗೆ ಒರಗಿ ನಿಂತಿದ್ದರು, ಕುರ್ಚಿಗಳಲ್ಲಿ ಕಚೇರಿಯವರು ಕೂತಿದ್ದರು. ಎದೆಗೆ ಗಂಟೊಂದನ್ನು ಅವುಚಿಕೊಂಡಿದ್ದ ಮುದುಕಿಯೊಬ್ಬಳು ಬಾಯಿ ತೆರೆದ ಕೂಡಲೇ ಅವಳೇ ಈರಮ್ಮ ಎಂದು ತಿಳಿಯಿತು. ಹಳಿಯ ಮಾತನ್ನೇ ಅವಳು ಸಾಹೇಬರಿಗೂ ಹೇಳುತ್ತಿದ್ದಳು.

"ಆಜೀ, ಉಪಗ್ರಹ ಸುಳ್ಳು ಹೇಳುತ್ತದೆಯೇ?" ಎಂದು ಸಾಹೇಬರು ಮರಾಠಿಯಲ್ಲಿ ಕೇಳಿ ನಕ್ಕರು.

ಆ ನಗು ಕೇಳಿ ಅಲಕಾಳಿಗೆ ಮೈಯೆಲ್ಲ ಉರಿಯಿತು. ಕನ್ನಡಿಯ ಮುಂದೆ ಹೇಳಿಕೊಂಡದ್ದೆಲ್ಲ ಮರೆತುಹೋಯಿತು. ಮುಂದೆ ಹೋಗಿ ಹಾಳೆಗಳನ್ನು ಮೇಜಿನ ಮೇಲೆ ಬಡಿದಳು.

"ಉಪಗ್ರಹ ಸುಳ್ಳು ಹೇಳಿಲ್ಲ, ನಾವು ಹೇಳಿದ್ದೇವೆ. ಇದು ಇಗತಪುರಿ. ಇದು ಪೈಠಣ. ಒಂದು ಸಲ ಕಣ್ಣು ಬಿಟ್ಟು ನೋಡಿ."

ಸಾಹೇಬರ ನಗು ಇಳಿಯಿತು. "ತಾಂತ್ರಿಕ ದೋಷವೇ?" ಅಂದರು.

"ದೋಷವಲ್ಲ. ಹೀಗೇ ಆಗಲೆಂದು ಬರೆದದ್ದು. ಬರೆದವಳು ನಾನು."

ಸಾಹೇಬರು ಕಡತದ ಪುಟ ಮಗುಚಿದರು. ಮುಂದಿನ ಊರು. ಅಲ್ಲೂ ಹಳಿ ಎಡಕ್ಕೆ ಬಾಗಿತ್ತು. ಅದರ ಮುಂದಿನದು, ಅದರಾಚೆಯದು, ಹನ್ನೊಂದು ಊರುಗಳಲ್ಲೂ ಅದೇ ರೈಲು ಅದೇ ತಿರುವಿನಲ್ಲಿ ಓಡುತ್ತಿತ್ತು. ಎಲ್ಲ ಹಾಳೆಗಳ ಮೇಲೂ ಅವರದೇ ಸಹಿ. ಕಡತ ಮುಚ್ಚಿ, ಎಲ್ಲ ನೋಟಿಸುಗಳನ್ನೂ ಹಿಂದಕ್ಕೆ ಪಡೆಯಲಾಗಿದೆ ಎಂದು ಗುಮಾಸ್ತನಿಗೆ ಬರೆಸಿದರು. ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಹೊರಗೆ ಓಣಿಯವರು ಅಲಕಾಳನ್ನು ಸುತ್ತುವರಿದು ಕೈಹಿಡಿದರು. ಯಾರೋ ಚಹಾ ತಂದರು. ಈರಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದಳು. ಅಲಕಾ ಹತ್ತಿರ ಹೋಗಿ, "ಮನಿ ಉಳೀತ್ರಿ, ಈರಮ್ಮಾರ," ಅಂದಳು.

ಈರಮ್ಮ ಗಂಟು ಬಿಚ್ಚಿದಳು. ಒಳಗಿದ್ದದ್ದು ಅರ್ಧ ನೇಯ್ದ ಪೈಠಣಿ ಸೀರೆ. ಸೆರಗಿನ ನವಿಲಿಗೆ ಕುತ್ತಿಗೆಯ ತನಕ ಬಣ್ಣ ಬಂದಿತ್ತು, ತಲೆ ಇನ್ನೂ ಮೂಡಿರಲಿಲ್ಲ. ಅಲ್ಲಿಂದಾಚೆ, ಮಗ್ಗದ ಉದ್ದಕ್ಕೆ ಬಿಗಿದಿದ್ದ ರೇಷ್ಮೆಯ ಹಾಸೆಳೆಗಳು ಕತ್ತರಿಸಿಕೊಂಡು ಜೋತುಬಿದ್ದಿದ್ದವು.

"ಕುಣಿಮಗ್ಗ ಐತ್ರಿ ನಮ್ದು. ನೆಲದಾಗ ಹುಗದಿದ್ದು. ಎತ್ತಿ ಒಯ್ಯಾಕ ಬರೂದಿಲ್ಲ. ಮನಿ ಹೋಗತೈತಿ ಅಂದಕೂಡ್ಲೆ ಹಾಸು ಕೊಯ್ದೆ. ಏಳು ತಿಂಗಳದ ಕೆಲಸ." ಅವಳ ದನಿಯಲ್ಲಿ ಅಳುವಿರಲಿಲ್ಲ. ತಲೆಯೆತ್ತಿ ಅಲಕಾಳನ್ನು ನೆಟ್ಟ ನೋಟದಿಂದ ನೋಡಿದಳು. "ಇದು ಸುಳ್ಳು ಅಂತ ನಿಮಗ ಯಾವಾಗ ಗೊತ್ತಾತು?"

ಚಹಾದ ಲೋಟ ಅಲಕಾಳ ಕೈಯನ್ನು ಸುಡುತ್ತಿತ್ತು. ಹಾಳೆ ಮುದ್ರಿಸಿದ್ದಳು, ಮಾತು ಬಾಯಿಪಾಠ ಮಾಡಿದ್ದಳು. ಚಿದಂಬರರ ಮೇಲೆ ಹಲ್ಲು ಕಡಿಯುತ್ತಲೇ ಅವರ ಒಂದು ಮಾತನ್ನು ಮಾತ್ರ ಚಾಚೂತಪ್ಪದೆ ಪಾಲಿಸಿದ್ದಳು: ಯಾರಿಗೂ ಫೋನ್ ಮಾಡಿರಲಿಲ್ಲ.

"ನೀವು ಫೋನ್ ಮಾಡಿದ ದಿನಾನ. ಬೇಸ್ತವಾರ."

"ನಾ ಕತ್ತರಿ ಹಾಕಿದ್ದು ರವಿವಾರ ಸಂಜಿಮುಂದ," ಅಂದಳು ಈರಮ್ಮ. ಗಂಟು ಕಟ್ಟಿಕೊಂಡು ಪೈಠಣದ ಬಸ್ಸಿನ ಕಡೆಗೆ ನಡೆದಳು.