ಆರನೇ ಕ್ಲಾಸಿನ ಹುಡುಗಿ, ಮೂರನೇ ಕ್ಲಾಸಿನ ಬೆಂಚು

ಗಾಜಿನಣ್ಣನ ಅಂಗಡಿಗೆ ಕನ್ನಡಿ ಕೊಳ್ಳುವವರಿಗಿಂತ ಸುದ್ದಿ ಹೇಳುವವರೇ ಹೆಚ್ಚು ಬರುತ್ತಾರೆ. ಅವನೂ ಗಾಜು ಕತ್ತರಿಸುತ್ತಲೇ ಎಲ್ಲರ ಮನೆ ವಿಷಯಕ್ಕೂ ಕಿವಿ ಕೊಡುತ್ತಾನೆ. ಆದರೆ ಅವತ್ತು ಪಕ್ಕದ ಬೀದಿಯ ದರ್ಜಿ ತಂದ ಸುದ್ದಿ ಅವನ ಮನೆಯದೇ ಆಗಿತ್ತು.

"ಅಲ್ಲಣ್ಣ, ನಿನ್ನ ಮಗಳು ಆರನೇ ಕ್ಲಾಸಲ್ವಾ? ಗಣಿತದ ಪೀರಿಯಡ್ಡಲ್ಲಿ ನನ್ನ ಮಗನ ಪಕ್ಕ ಕೂತಿರ್ತಾಳಂತೆ. ನನ್ನ ಮಗ ಇನ್ನೂ ಮೂರನೇ ಕ್ಲಾಸು."

ಗಾಜಿನಣ್ಣನ ಕೈ ಅಲ್ಲಿಗೇ ನಿಂತಿತು. ದರ್ಜಿ ಹೋದ ಮೇಲೆ ಎಲ್ಲ ಮಾತೂ ಒಟ್ಟಿಗೆ ಹೊರಟಿತು.

"ನಾಳೆ ಬೆಳಿಗ್ಗೆ ಹೋಗಿ ಟಿಸಿ ತಗೊಂಡು ಬರ್ತೀನಿ," ಎಂದು ಹೆಂಡತಿಯ ಮುಂದೆ ಹಾರಾಡಿದ. "ದೊಡ್ಡ ರಸ್ತೆಯ ಸ್ಕೂಲಿಗೆ ಸೇರಿಸ್ತೀನಿ. ಅಲ್ಲಿ ಇಪ್ಪತ್ತೈದರ ತನಕ ಮಗ್ಗಿ ಬಾಯಿಪಾಠ ಮಾಡಿಸ್ತಾರೆ. ಇಲ್ಲಿ ನಮ್ಮ ಮಾನ ಹರಾಜು ಹಾಕ್ತಿದ್ದಾರೆ."

"ನನಗೆ ಈ ಸ್ಕೂಲೇ ಬೇಕು," ಎಂದಳು ಮಗಳು. ಅವಳನ್ನು ಮನೆಯಲ್ಲಿ ಎಲ್ಲರೂ ಪಟಪಟಿ ಎನ್ನುತ್ತಿದ್ದರು. ಎದ್ದಾಗಿನಿಂದ ಮಲಗುವ ತನಕ ಬಾಯಿ ನಿಲ್ಲುತ್ತಿರಲಿಲ್ಲ. ಅಷ್ಟು ಹೇಳಿ ಸುಮ್ಮನಾದಳು ಎಂದರೆ ಅವಳಿಗೆ ನಿಜಕ್ಕೂ ಭಯವಾಗಿದೆ ಎಂದೇ ಅರ್ಥ. ಗೆಳತಿಯರು, ಗಣಿತ ಹೇಳಿಕೊಡುವ ಮೇಡಂ, ಎಲ್ಲ ಒಂದೇ ದಿನದಲ್ಲಿ ಕೈತಪ್ಪಿ ಹೋಗುವ ಹಾಗಿತ್ತು.

ಹೆಂಡತಿ ಜಾಣೆ. ಗಂಡನ ಜೊತೆ ವಾದಕ್ಕಿಳಿಯಲಿಲ್ಲ, ಅವನ ಅಕ್ಕನಿಗೆ ಫೋನ್ ಮಾಡಿದಳು. "ಅತ್ತಿಗೆ, ಡ್ಯೂಟಿ ಮುಗಿಸಿ ಹಾಗೇ ಈ ಕಡೆ ಬನ್ನಿ. ನಿಮ್ಮ ತಮ್ಮನಿಗೆ ಜ್ವರ ಏರಿದೆ."

ಗಾಜಿನಣ್ಣನ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಶಾಲೆಯ ಪೋಷಕರ ಸಮಿತಿಯಲ್ಲೂ ಇದ್ದಳು. ಬಂದವಳೇ ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಸ್ಟೂಲಿನ ಮೇಲೆ ಕೂತು ತಮ್ಮನ ಗೋಳನ್ನೆಲ್ಲ ಕೇಳಿದಳು.

"ಮುಗೀತಾ? ಈಗ ನಾನು ಹೇಳೋದು ಕೇಳು. ಇದು ಮೇಡಂ ಮನೇಲಿ ಹುಟ್ಟಿದ ಯೋಚನೆ ಅಲ್ಲ. ಈ ವರ್ಷದಿಂದ ಸರ್ಕಾರವೇ ತಂದಿರೋ ಪದ್ಧತಿ. ದಿನಕ್ಕೆ ಒಂದು ಗಂಟೆ ಮಾತ್ರ ಮಕ್ಕಳು ಯಾವ ಕ್ಲಾಸು ಅಂತ ನೋಡಿ ಕೂರಲ್ಲ, ಲೆಕ್ಕದಲ್ಲಿ ಎಲ್ಲಿ ಎಡವ್ತಾರೆ ಅಂತ ನೋಡಿ ಕೂರ್ತಾರೆ. ಅದು ಸರಿಹೋದ ತಕ್ಷಣ ಮುಂದಿನ ಗುಂಪು. ಬಾಕಿ ಪಾಠ ಎಲ್ಲ ಅವಳ ಕ್ಲಾಸಲ್ಲೇ."

"ಚಿಕ್ಕ ಮಕ್ಕಳ ಜೊತೆ ಕೂರಿಸಿದ್ರೆ ನಾಲ್ಕು ಜನ ಏನಂತಾರೆ?"

"ಕಾಲು ಮುರಿದವರನ್ನ ನಾವು ಮೂಳೆ ವಾರ್ಡಿಗೆ ಹಾಕ್ತೀವಿ. ಪಕ್ಕದ ಹಾಸಿಗೆಯವನಿಗೆ ವಯಸ್ಸೆಷ್ಟು ಅಂತ ಯಾರೂ ಜಗಳ ತೆಗೆಯಲ್ಲಪ್ಪ."

"ನನ್ನ ಮಗಳಿಗೆ ಏನೂ ಮುರಿದಿಲ್ಲ," ಎಂದ ಗಾಜಿನಣ್ಣ. "ಪಟಪಟಿ, ಹದಿನೇಳರ ಮಗ್ಗಿ ಹೇಳು."

ಪಟಪಟಿ ಕೈಕಟ್ಟಿ ನಿಂತು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದಳು. ಅಪ್ಪನ ಎದೆ ಉಬ್ಬಿತು.

"ಗಿಳಿಪಾಠ ಚೆನ್ನಾಗಿದೆ," ಎಂದಳು ಅಕ್ಕ. "ನಿನ್ನ ಕೆಲಸದ್ದೇ ಒಂದು ಲೆಕ್ಕ ಕೇಳು ನೋಡೋಣ."

ಅದೇನು ಮಹಾ ಎಂದುಕೊಂಡ ಅವನು ಮೇಜಿನ ಮೇಲಿದ್ದ ಕನ್ನಡಿಯ ಹಾಳೆ ತೋರಿಸಿದ. "ಇದು ಐವತ್ತೆರಡು ಇಂಚು. ಗಿರಾಕಿಗೆ ಮೂವತ್ತೆಂಟು ಬೇಕು. ಉಳಿಯೋದೆಷ್ಟು?"

"ಇಪ್ಪತ್ತಾರು," ಎಂದಳು ಪಟಪಟಿ, ತಡವೇ ಇಲ್ಲದೆ.

ಗಾಜಿನಣ್ಣ ಅಕ್ಕನ ಕಡೆ ನೋಡಿ ನಕ್ಕ. ನಿಜ ಹೇಳಬೇಕೆಂದರೆ ಅವನು ಯಾವತ್ತೂ ಕಳೆಯುವ ಲೆಕ್ಕ ಮಾಡಿದವನಲ್ಲ. ಟೇಪು ಹಿಡಿದು ನೋಡುವುದೇ ಅವನ ಅಭ್ಯಾಸ. ಈಗಲೂ ಮೂವತ್ತೆಂಟಕ್ಕೆ ಗೆರೆ ಎಳೆದು, ಉಳಿದ ತುಂಡಿನ ಮೇಲೆ ಟೇಪು ಇಟ್ಟ. ಹದಿನಾಲ್ಕು. ಮತ್ತೊಂದು ಸಲ ಇಟ್ಟ. ಆಗಲೂ ಹದಿನಾಲ್ಕೇ. ಅವನ ನಗು ಇಳಿದುಹೋಯಿತು.

"ಹೇಗೆ ಮಾಡಿದೆ ಮಗಳೇ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಎರಡರಲ್ಲಿ ಎಂಟು ಹೋಗಲ್ಲ. ಅದಕ್ಕೆ ತಿರುಗಿಸಿ ಎಂಟರಲ್ಲಿ ಎರಡು ಕಳೆದೆ, ಆರು. ಐದರಲ್ಲಿ ಮೂರು ಹೋದ್ರೆ ಎರಡು." ಪಟಪಟಿ ಅಪ್ಪನ ಕೈಯಲ್ಲಿದ್ದ ಟೇಪು ನೋಡಿದಳು. "ಮೊದಲಿಂದಲೂ ಹೀಗೇ ಮಾಡ್ತೀನಿ. ಗೊತ್ತಿಲ್ಲ ಅಂದ್ರೆ ಬೈತಾರಲ್ಲ. ಹೇಗೆ ಮಾಡಿದೆ ಅಂತ ಯಾರೂ ಕೇಳಲೇ ಇಲ್ಲ ಅತ್ತೆ. ಈ ಮೇಡಂ ಒಬ್ಬರೇ ಕೇಳಿದ್ದು."

ಗಾಜಿನಣ್ಣ ಟೇಪು ಕೆಳಗಿಟ್ಟ. ಇಷ್ಟು ವರ್ಷ ಮಗಳು ಹೆದರಿಕೊಂಡೇ ಲೆಕ್ಕ ಮಾಡಿದ್ದಾಳೆ, ತಾನು ಮಗ್ಗಿ ಕೇಳಿ ಬೀಗಿದ್ದೇನೆ.

ಅಕ್ಕ ಮೂಲೆಯತ್ತ ಕೈ ತೋರಿಸಿದಳು. ಫ್ರೇಮಿನ ಹಿಂದೆ ಹೊಡೆಯುವ ತೆಳ್ಳನೆಯ ಮರದ ಪಟ್ಟಿಗಳನ್ನು ಅಂಗಡಿಯಲ್ಲಿ ಹತ್ತತ್ತರಂತೆ ರಬ್ಬರ್ ಬ್ಯಾಂಡು ಹಾಕಿ ಇಡುತ್ತಿದ್ದರು. "ಗುಂಪಿನಲ್ಲಿ ಹೇಳಿಕೊಡ್ತಾರಲ್ಲ, ಹಾಗೆ ಮಾಡಿ ತೋರಿಸು."

ಪಟಪಟಿ ನೆಲದ ಮೇಲೆ ಐದು ಕಟ್ಟು ಇಟ್ಟಳು, ಪಕ್ಕದಲ್ಲಿ ಎರಡು ಬಿಡಿ ಪಟ್ಟಿ. ಎಂಟು ತೆಗೆಯಬೇಕು, ಇರುವುದು ಎರಡು. ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಬಾಯಿ ಹಾಕಲು ಹೋದ ಗಾಜಿನಣ್ಣನನ್ನು ಅಕ್ಕ ಕೈಸನ್ನೆಯಲ್ಲೇ ತಡೆದಳು. ಕೊನೆಗೆ ಅವಳು ಒಂದು ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚಿದಳು. ಬಿಡಿ ಪಟ್ಟಿ ಹನ್ನೆರಡಾಯಿತು. ಎಂಟು ಪಕ್ಕಕ್ಕಿಟ್ಟಳು, ಆಮೇಲೆ ಮೂರು ಕಟ್ಟು. ಉಳಿದದ್ದು ಒಂದು ಕಟ್ಟು, ನಾಲ್ಕು ಬಿಡಿ.

"ಹದಿನಾಲ್ಕು," ಎಂದಳು. "ಅಪ್ಪ, ತಿರುಗಿಸಬಾರದು. ಕಟ್ಟು ಬಿಚ್ಚಬೇಕು."

ಅವಳ ಮುಖದಲ್ಲಿ ಅಂಥ ಸಂತೋಷವನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

"ನನಗೆ ಗಣಿತ ಕಬ್ಬಿಣದ ಕಡಲೆ ಆಗಿತ್ತು ಅಕ್ಕ," ಎಂದ.

"ಅದೇ ಕಡಲೇನ ಮಗಳ ಬಾಯಿಗೂ ಹಾಕೋಕೆ ಹೊರಟಿದ್ದೆ," ಎಂದು ಅಕ್ಕ ತಲೆಗೊಂದು ಮೊಟಕಿದಳು. "ಪದ್ಧತಿ ಒಳ್ಳೇದೇ. ಆದ್ರೆ ಎಲ್ಲ ಸುಗಮವಾಗಿದೆ ಅಂತ ನಾನು ಸುಳ್ಳು ಹೇಳಲ್ಲ. ಮೂರು ಗುಂಪಿಗೆ ಒಬ್ಬರೇ ಮೇಡಂ. ಲೆಕ್ಕ ಕಲಿಸೋ ಸಾಮಾನಿನ ಪೆಟ್ಟಿಗೆ ಬರುತ್ತೆ ಅಂದ್ರು, ಇನ್ನೂ ಬಂದಿಲ್ಲ. ಅದರ ಮೇಲೆ ನಿನ್ನಂಥವರು ಮರ್ಯಾದೆ ಹೋಯ್ತು ಅಂತ ಮಕ್ಕಳನ್ನ ಬಿಡಿಸಿಕೊಂಡು ಹೋಗ್ತಾರೆ. ನಾಡಿದ್ದು ಪೋಷಕರ ಸಭೆ ಇದೆ, ಬಾ."

ಸಭೆಯಲ್ಲಿ ಗದ್ದಲವೋ ಗದ್ದಲ. ಗುಂಪು ಮಾಡುವುದು ನಿಲ್ಲಿಸಿ ಎಂದು ಹಲವರು ಕೂಗಾಡುತ್ತಿದ್ದರು. ಮೇಡಂ ಸಮಾಧಾನದಿಂದ ಉತ್ತರ ಹೇಳಿ ಹೇಳಿ ಸೋತಿದ್ದರು. ಗಾಜಿನಣ್ಣ ಎದ್ದು ನಿಂತ. ಬಾಗಿಲ ಹತ್ತಿರ ನಿಂತಿದ್ದ ಪಟಪಟಿ ಒಳಗೆ ಇಣುಕಿದಳು.

"ನನ್ನ ಮಗಳು ಆರನೇ ಕ್ಲಾಸು. ಗಣಿತಕ್ಕೆ ಮೂರನೇ ಕ್ಲಾಸಿನ ಮಕ್ಕಳ ಜೊತೆ ಕೂರ್ತಾಳೆ," ಎಂದ, ಎಲ್ಲರಿಗೂ ಕೇಳುವಂತೆ. "ಕಲಿಯೋ ತನಕ ಅಲ್ಲೇ ಕೂರ್ತಾಳೆ. ಅದರಲ್ಲಿ ನನಗೇನೂ ನಾಚಿಕೆ ಇಲ್ಲ. ಮೇಡಂ, ಇನ್ನೊಬ್ಬ ಟೀಚರು ಬೇಕು, ಪೆಟ್ಟಿಗೆ ಬೇಗ ಕಳಿಸಿ ಅಂತ ಅರ್ಜಿ ಬರೀರಿ. ಮೊದಲ ಸಹಿ ನನ್ನದು."

ಗದ್ದಲ ಅಡಗಿತು. ದರ್ಜಿ ಎದ್ದು ಬಂದು ಎರಡನೇ ಸಹಿ ತನ್ನದು ಎಂದ. ಪಟಪಟಿ ಓಡಿ ಬಂದು ಅಪ್ಪನ ಪಕ್ಕದಲ್ಲಿ, ಎಲ್ಲರ ಎದುರಿಗೇ, ತಲೆ ಎತ್ತಿ ನಿಂತಳು.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಗಣಿತದಲ್ಲಿ ಹಿಂದಿದೆ ಎಂದು ಶಾಲೆಯಲ್ಲಿ ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಬಿಡಿಸಿಕೊಂಡು ಬರಬೇಡಿ. ಪೋಷಕರ ಸಭೆಗೆ ಹೋಗಿ. ಶಾಲೆಗೆ ಟೀಚರು, ಸಾಮಾನು ಸಾಲದಿದ್ದರೆ ಬಾಯಿಬಿಟ್ಟು ಕೇಳಿ, ಅದು ನಿಮ್ಮ ಹಕ್ಕು. ಇವತ್ತು ಸಂಜೆ ಮಗು ಮನೆಗೆ ಬಂದಾಗ ಎಷ್ಟು ಮಾರ್ಕ್ಸು ಬಂತು ಎಂದು ಕೇಳುವ ಮೊದಲು, ಒಂದು ಲೆಕ್ಕ ಕೊಟ್ಟು, ಹೇಗೆ ಮಾಡಿದೆ ಎಂದು ಕೇಳಿ. ತಪ್ಪು ಹೇಳಿದರೂ ಬೈಯದೆ, ಪೂರ್ತಿ ಕೇಳಿಸಿಕೊಳ್ಳಿ.