ಅಪೊಸ್ತಲರು ಇಳಿದ ದಡ

ಮೇಜಿನ ಮೇಲೆ ಕರಡಚ್ಚಿನ ಒಂದೇ ಹಾಳೆ. ಒಂದು ಅಂಚಿಗೆ ಕನ್ನಡಕದ ಭಾರ, ಇನ್ನೊಂದಕ್ಕೆ ತಣಿದ ಕಾಫಿಯ ಲೋಟ. ಕಿಟಕಿಯಿಂದ ಇಳಿದ ಬೆಳಗಿನ ಬಿಸಿಲು ಪುಟದ ತಲೆಯನ್ನು ದಾಟಿ, ಮೊದಲ ಪ್ಯಾರಾವನ್ನು ದಾಟಿ, ನಡುವಿನ ಮೂರು ಸಾಲುಗಳ ಮೇಲೆ ಬಂದು ನಿಂತಿತ್ತು.

ಆ ಸಾಲುಗಳ ಮುಂದೆ ಕೈಕಟ್ಟಿ ಕುಳಿತವರು ಕೆಮ್ಮಣ್ಣು ಊರಿನ ನಿವೃತ್ತ ಅಧ್ಯಾಪಕ ಅಲೋಶಿಯಸ್. ಅವರು ಬರೆದ ಊರ ಕ್ರೈಸ್ತರ ಚರಿತ್ರೆಯ ಆ ಹಾಳೆ ತಂದವನು ಮಣಿಪಾಲದ ಅಚ್ಚುಕೂಟವೊಂದರಲ್ಲಿ ಅಚ್ಚುಮೊಳೆ ಜೋಡಿಸುವ ಕೂಸಪ್ಪ. ಒಂದು ಕಾಲಕ್ಕೆ ಅವರದೇ ಶಿಷ್ಯ. ಅದು ೧೯೭೬ರ ಮಾಗಿ.

"ಮಾಸ್ಟ್ರೇ, ಯೇಸುವಿನ ಶಿಷ್ಯ ಸಂತ ಬಾರ್ತೊಲೊಮಾಯರು ಕಲ್ಯಾಣಪುರದ ಹೊಳೆಯಲ್ಲಿ ದೋಣಿ ಇಳಿದದ್ದನ್ನು ಕಣ್ಣಾರೆ ಕಂಡವರಿಂದಲೇ ಕೇಳಿ ಚರಿತ್ರೆಕಾರ ಯುಸೇಬಿಯಸ್ ಬರೆದ ಅಂತ ಇಲ್ಲಿ ಉಂಟು. ಕೊನೆಯ ಟಿಪ್ಪಣಿ ಜೋಡಿಸುವಾಗ ನೋಡಿದೆ, ಆ ಮನುಷ್ಯ ಹುಟ್ಟಿದ್ದೇ ಇನ್ನೂರು ವರ್ಷ ಕಳೆದ ಮೇಲೆ. ಕಂಡವರು ಅಷ್ಟು ವರ್ಷ ಬದುಕಿದ್ದರಾ?"

ಒಳಗಿನಿಂದ ಅಲೋಶಿಯಸರ ಹೆಂಡತಿ ನಕ್ಕರು. "ಊರ ಮಕ್ಕಳ ತಪ್ಪನ್ನೆಲ್ಲ ಹೆಕ್ಕಿದವರು ಇವರು. ಈಗ ಎಂತ ಹೇಳ್ತಾರೆ ನೋಡುವ."

ಅಲೋಶಿಯಸ್ ಗೊತ್ತಿದ್ದೇ ಬರೆದಿದ್ದರು. ಪಂಟೇನಸ್ ಎಂಬ ಪಂಡಿತ 'ಭಾರತ'ಕ್ಕೆ ಹೋದನಂತೆ, ಅಪೊಸ್ತಲ ಬಾರ್ತೊಲೊಮಾಯರು ಬಿಟ್ಟುಹೋದ ಮತ್ತಾಯನ ಸುವಾರ್ತೆ ಅಲ್ಲಿ ಸಿಕ್ಕಿತಂತೆ: ಯುಸೇಬಿಯಸ್ ಹೇಳುವುದು ಇಷ್ಟೇ. ಯಾವ ಹೊಳೆ, ಯಾವ ದಡ, ಒಂದು ಮಾತಿಲ್ಲ. ಆ 'ಭಾರತ' ಯಾವುದೆಂಬುದೇ ವಿದ್ವಾಂಸರ ಜಗಳ. ಒಂಬತ್ತು ವರ್ಷಗಳ ಓದು ಒಂದು ಅಂತೆಕಂತೆಯ ಮಾತಿಗೆ ಬಂದು ನಿಂತಾಗ, ಬರಿಗೈಯಲ್ಲಿ ಪುಸ್ತಕ ಮುಗಿಸಲಾರದೆ, ಒಂದು ಸಂಜೆ ಆ ಮೂರು ಸಾಲುಗಳನ್ನು ಸೇರಿಸಿಬಿಟ್ಟಿದ್ದರು.

"ನಾಳೆ ಅಚ್ಚು. ಹೀಗೇ ಬಿಡಿ ಅಂದರೆ ಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ," ಎಂದ ಕೂಸಪ್ಪ. "ಆದರೆ ಗದ್ದೆಯಲ್ಲಿ ದೈವದ ಕತೆಯ ಪಾಡ್ದನ ಹಾಡುವಾಗ ನನ್ನ ಅಮ್ಮ ಮೊದಲೇ ಹೇಳ್ತಾರೆ, ಇದು ಅತ್ತೆ ಕಲಿಸಿದ್ದು, ನಾನು ಕಂಡದ್ದಲ್ಲ ಅಂತ. ಅದರಿಂದ ದೈವ ಸಣ್ಣದಾಗಲಿಲ್ಲ, ಅಲ್ವಾ?"

ಅಲೋಶಿಯಸ್ ಪೆನ್ನು ತೆರೆದು ಮೂರೂ ಸಾಲುಗಳನ್ನು ಹೊಡೆದುಹಾಕಿದರು.

"ಅಷ್ಟು ಜಾಗ ಖಾಲಿ ಬೀಳ್ತದೆ, ಮಾಸ್ಟ್ರೇ. ತುಂಬಿಸಬೇಕು."

ಅವರು ಅಂಚಿನಲ್ಲಿ ನಿಧಾನವಾಗಿ ಬರೆದರು: 'ಅಪೊಸ್ತಲರು ನಮ್ಮ ಹೊಳೆಗೆ ಬಂದರೋ ಇಲ್ಲವೋ, ನಾನರಿಯೆ. ಬಂದಿರಲಿ ಎಂಬುದು ನನ್ನ ಆಸೆ. ಆಸೆಗೆ ದಾಖಲೆಯಿಲ್ಲ.'

ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. "ನೀನು ಬರದಿದ್ದರೆ ನನ್ನ ಸುಳ್ಳು ನನ್ನ ಹೆಸರಿನಲ್ಲೇ ಉಳಿಯುತ್ತಿತ್ತು, ಮಾರಾಯ. ದೇವರು ನಿನಗೆ ಒಳ್ಳೆಯದು ಮಾಡಲಿ."

"ಬಸ್ಸಿಗೆ ಹೊತ್ತಾಯಿತು," ಎಂದು ಕೂಸಪ್ಪ ಹಾಳೆ ಮಡಚಿಕೊಂಡ.

ಅಲೋಶಿಯಸ್ ಎದ್ದು ಕೈಮುಗಿದರು. ಶಿಷ್ಯನೊಬ್ಬನಿಗೆ ಅವರು ಹಾಗೆ ಕೈಮುಗಿದದ್ದು ಅದೇ ಮೊದಲು. ಕೂಸಪ್ಪ ಕಂಡೂ ಕಾಣದವನಂತೆ ಚಪ್ಪಲಿ ಮೆಟ್ಟಿ ಹೊರಬಿದ್ದ. ಅವನ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.